ಪರ್ಸೋನಾ 5 ರಾಯಲ್: ಮೂರನೇ ಸೆಮಿಸ್ಟರ್ ಯಾಕೆ ಸಿಗ್ಲಿಲ್ಲ? ಪದೇ ಪದೇ ಕೇಳೋ ಪ್ರಶ್ನೆಗಳು

ಪರ್ಸೋನಾ 5 ರಾಯಲ್ ಅನ್ನೋ ಜಪಾನೀ ವಿಡಿಯೋ ಗೇಮ್ ಆಡ್ತಿದ್ದ ನನ್ನ ತಮ್ಮ ಒಂದಿನ ಫೋನ್ ಮಾಡಿ "ಅಣ್ಣ, ಗೇಮ್ ಮುಗಿಸ್ದೆ, ಸಕ್ಕತ್ತಾಗಿತ್ತು" ಅಂದ. ಅದರಲ್ಲಿ ಬರೋ ಸ್ಕೂಲ್ ಕೌನ್ಸೆಲರ್ ಮರುಕಿ ಕೊನೆಗೆ ಏನಾದ ಅಂತ ಕೇಳ್ದೆ. "ಅವನು ನವೆಂಬರಲ್ಲೇ ಸ್ಕೂಲ್ ಬಿಟ್ಟು ಹೋದ್ನಲ್ಲ" ಅಂದ. ಅಲ್ಲಿಗೇ ಗೊತ್ತಾಗೋಯ್ತು ನಂಗೆ, ಇವನಿಗೂ ನನಗಾಗಿದ್ದೇ ಆಗಿದೆ ಅಂತ. ಹೇಳೋಕೂ ಮನಸ್ಸು ಬರ್ಲಿಲ್ಲ, ಯಾಕಂದ್ರೆ ನೂರು ಗಂಟೆ ಮೇಲೆ ಆಡಿದ ಹುಡುಗನಿಗೆ ನೀನು ಕಥೆಯ ಕೊನೇ ಭಾಗ ನೋಡೇ ಇಲ್ಲ ಕಣೋ ಅಂತ ಹೇಳೋದು ಸುಲಭ ಅಲ್ಲ.

ಆಮೇಲೆ ಅವನ ಫ್ರೆಂಡ್ಸು, ನಮ್ಮ ಆಫೀಸಲ್ಲಿ ಆಡೋರು, ಎಲ್ಲರೂ ಇದೇ ಪ್ರಶ್ನೆಗಳನ್ನೇ ಬೇರೆ ಬೇರೆ ಥರ ಕೇಳಿದ್ರು. ಒಬ್ಬೊಬ್ಬರಿಗೂ ಅದೇ ಮೆಸೇಜ್ ಕಳ್ಸೋ ಬದ್ಲು ಒಂದೇ ಕಡೆ ಬರ್ದಿಡ್ತಿದೀನಿ. ತಾರೀಖುಗಳನ್ನ ಪೂರ್ತಿ ಹೇಳಿದೀನಿ. ಕಥೆಯ ಗುಟ್ಟುಗಳನ್ನ ಆದಷ್ಟು ಮುಚ್ಚಿಟ್ಟಿದೀನಿ, ಆದ್ರೂ ಒಂದೆರಡು ಕಡೆ ಸ್ವಲ್ಪ ಸುಳಿವು ಸಿಗುತ್ತೆ, ಅದಿಲ್ದೆ ವಿವರಿಸೋಕಾಗಲ್ಲ.

ಕ್ರೆಡಿಟ್ಸ್ ಬಂತು, ಗೇಮ್ ಮುಗೀತು. ಇನ್ನೂ ಕಥೆ ಇದೆ ಅಂತಾರಲ್ಲ, ಎಲ್ಲಿದೆ ಅದು?

ಜನವರಿಯಲ್ಲಿದೆ. ಈ ಗೇಮು ಏಪ್ರಿಲಲ್ಲಿ ಶುರುವಾಗಿ ದಿನ ದಿನಾನೂ ಕ್ಯಾಲೆಂಡರ್ ಪ್ರಕಾರ ಹೋಗುತ್ತೆ. ಡಿಸೆಂಬರ್ 24ಕ್ಕೆ ಒಂದು ದೊಡ್ಡ ಫೈಟು, ಅದೇ ಕೊನೆ ಅನ್ನೋ ಹಾಗೆ ಇರುತ್ತೆ. ನೀವು ಸರಿಯಾದ ಕೆಲಸಗಳನ್ನ ಮಾಡಿರ್ಲಿಲ್ಲ ಅಂದ್ರೆ ಅಲ್ಲಿಂದ ಕಥೆ ಸರ್ರಂತ ಓಡಿ ಮಾರ್ಚಿಗೆ ಹೋಗಿ, ಎಲ್ಲರಿಗೂ ಟಾಟಾ ಹೇಳಿ, ಕ್ರೆಡಿಟ್ಸ್ ಬರುತ್ತೆ. ಮಧ್ಯದ ಜನವರಿ ನಿಮ್ಮ ಕೈಗೆ ಸಿಗೋದೇ ಇಲ್ಲ. ಮಾಡಿದ್ರೆ ಮಾತ್ರ ಜನವರಿ 1ರಿಂದ ಹೊಸ ಕಥೆ ಶುರು: ಹೊಸ ಪ್ಯಾಲೆಸ್ (ಒಬ್ಬ ಮನುಷ್ಯನ ಮನಸ್ಸಿನೊಳಗಿನ ಲೋಕ, ಫೈಟು ನಡಿಯೋದು ಅಲ್ಲೇ), ಹೊಸ ಬಾಸ್, ಪಾರ್ಟಿಯವರಿಗೆ ಅಂದ್ರೆ ಜೊತೆಗಾರರಿಗೆ ಹೊಸ ಪರ್ಸೋನಾಗಳು (ಅವರ ಪರ ಕಾದಾಡೋ ಶಕ್ತಿಗಳು), ಫೆಬ್ರವರಿವರೆಗೂ ನಡಿಯುತ್ತೆ. ಎಲ್ಲರೂ ಮೂರನೇ ಸೆಮಿಸ್ಟರ್ ಅನ್ನೋದು ಇದನ್ನೇ.

ಇದರಲ್ಲಿ ಮೋಸ ಅನ್ಸೋದು ಏನಂದ್ರೆ, ಮಾಮೂಲಿ ಎಂಡಿಂಗು ಅರ್ಧಂಬರ್ಧ ಇರೋ ಥರ ಕಾಣಲ್ಲ. ಚೆನ್ನಾಗೇ ಮುಗಿಯುತ್ತೆ, ಕಣ್ಣಲ್ಲಿ ನೀರೂ ಬರುತ್ತೆ. ಹಾಗಾಗಿ ಏನೋ ತಪ್ಪಿಹೋಗಿದೆ ಅನ್ನೋ ಅನುಮಾನಾನೇ ಬರಲ್ಲ.

ಹಾಗಾದ್ರೆ ಅದನ್ನ ತೆಗೆಯೋಕೆ ಏನ್ ಮಾಡ್ಬೇಕು?

ಮೂರು ಜನ, ಮೂರು ತಾರೀಖು. ರ್ಯಾಂಕ್ ಅಂದ್ರೆ ಒಬ್ಬರ ಜೊತೆ ಟೈಮ್ ಕಳೆದ ಹಾಗೆಲ್ಲಾ ಏರೋ ಸ್ನೇಹದ ಮಟ್ಟ. ಟಕುಟೊ ಮರುಕಿ, ಅಂದ್ರೆ ಸ್ಕೂಲಿನ ಕೌನ್ಸೆಲರ್, ಅವನ ಜೊತೆ ನವೆಂಬರ್ 18ರೊಳಗೆ ರ್ಯಾಂಕ್ 9. ಹುಡುಗ ಪತ್ತೇದಾರ ಗೊರೊ ಅಕೆಚಿ ಜೊತೆ ನವೆಂಬರ್ 24ರೊಳಗೆ ರ್ಯಾಂಕ್ 8. ಸ್ಕೂಲಲ್ಲಿ ಜೂನಿಯರ್ ಆಗಿರೋ ಕಸುಮಿ ಜೊತೆ ಡಿಸೆಂಬರ್ 18ರೊಳಗೆ ರ್ಯಾಂಕ್ 5. ಇಷ್ಟನ್ನ ಒಂದು ಚೀಟೀಲಿ ಬರೆದು ಮಾನಿಟರ್ ಕೆಳಗೆ ಅಂಟಿಸ್ಕೊಳ್ಳಿ. ಮೂರೂ ಮಾಡಿದ್ರೆ ಚಿಂತೆ ಇಲ್ಲ. ಮೂರರಲ್ಲಿ ಬಾಗಿಲು ತೆಗೆಯೋನು ಮರುಕಿ, ಅವನು ತಪ್ಪಿಹೋದ್ರೆ ಉಳಿದ ಇಬ್ಬರ ರ್ಯಾಂಕ್ ಎಷ್ಟಿದ್ರೂ ಜನವರಿ ಬರಲ್ಲ.

ತಾರೀಖು ಹತ್ರ ಬಂದಾಗ ಮಾಡಣ ಅಂತ ಮಾತ್ರ ಇಟ್ಕೋಬೇಡಿ. ಕೊನೇ ವಾರದಲ್ಲಿ ಕಥೆ ತಾನೇ ದಿನಗಳನ್ನ ತಿಂದುಹಾಕುತ್ತೆ, ಮಧ್ಯಾಹ್ನ ಫ್ರೀ ಇರುತ್ತೆ ಅಂದ್ಕೊಂಡಿದ್ದು ಫ್ರೀ ಇರಲ್ಲ.

ಮರುಕಿನ ಎಲ್ಲರೂ ಯಾಕೆ ಮಿಸ್ ಮಾಡ್ತಾರೆ? ನಾನೂ ಮಾಡ್ದೆ.

ಇದಕ್ಕೆ ಉದ್ದದ ಉತ್ತರಾನೇ ಬೇಕು, ಯಾಕಂದ್ರೆ ತಪ್ಪು ನಿಮ್ದಲ್ಲ.

ಮೊದಲನೇದು, 2016ರಲ್ಲಿ ಜಪಾನಲ್ಲಿ, 2017ರಲ್ಲಿ ಬೇರೆ ಕಡೆ ಬಂದ ಹಳೇ ಪರ್ಸೋನಾ 5ರಲ್ಲಿ ಈ ಮನುಷ್ಯನೇ ಇರ್ಲಿಲ್ಲ. 2019ರಲ್ಲಿ ರಾಯಲ್ ಬಂದಾಗ ಸೇರಿಸಿದ್ದು. ಹಳೇದು ಆಡಿದವರಿಗೆ ಯಾರ್ಯಾರ ಜೊತೆ ಯಾವಾಗ ಹೋಗ್ಬೇಕು ಅನ್ನೋದು ತಲೇಲಿ ಕೂತುಬಿಟ್ಟಿರುತ್ತೆ, ಹೊಸಬನಿಗೆ ಅದ್ರಲ್ಲಿ ಜಾಗ ಇರಲ್ಲ.

ಎರಡನೇದು, ಅವನಿಂದ ಸಿಗೋದು ಮೇಲ್ನೋಟಕ್ಕೆ ಸಣ್ಣದು ಅನ್ಸುತ್ತೆ. ಫೈಟಲ್ಲಿ ಮಂಕು ಹಿಡಿದ್ರೆ ತಾನೇ ಸರಿಹೋಗೋದು, ಸ್ವಲ್ಪ ಎಸ್‌ಪಿ (ಫೈಟಲ್ಲಿ ಮ್ಯಾಜಿಕ್ ಬಳಸೋಕೆ ಬೇಕಾದ ಶಕ್ತಿ) ವಾಪಸ್ ಬರೋದು, ಈ ಥರ. ಅದೇ ಟೈಮಲ್ಲಿ ಕವಕಾಮಿ ಮೇಡಂ ಹತ್ರ ಹೋದ್ರೆ ಅವರು ನಿಮ್ಮ ಕೆಲಸ ಮಾಡ್ಕೊಟ್ಟು ಟೈಮ್ ಉಳಿಸ್ತಾರೆ, ಡಾಕ್ಟರ್ ಟಕೆಮಿ ಹತ್ರ ಹೋದ್ರೆ ಮುಂದೆ ಪ್ರತಿ ಟರ್ನಿಗೂ ಎಸ್‌ಪಿ ತುಂಬೋ, ಮೈಗೆ ಅಂಟಿಸ್ಕೊಳ್ಳೋ ಪಟ್ಟಿ ಮಾರ್ತಾಳೆ. ಲೆಕ್ಕ ಹಾಕೋ ಯಾರೇ ಆದ್ರೂ ಇವರಿಬ್ಬರನ್ನೇ ಆರಿಸ್ಕೊಳ್ತಾರೆ, ಅದು ಬುದ್ಧಿವಂತರು ಆಡೋ ರೀತಿನೇ, ಆದ್ರೆ ಈ ಗೇಮಲ್ಲಿ ಅದೇ ಮುಳುವಾಗುತ್ತೆ.

ಮೂರನೇದು, ಅವನು ಯಾವತ್ತೂ ಅಲ್ಲೇ ಇರ್ತಾನೆ ಅನ್ನೋ ಭಾವನೆ. ಮೇ 13ಕ್ಕೆ ಪರಿಚಯ ಆಗ್ತಾನೆ. ಸ್ಕೂಲಲ್ಲಿ ಒಂದು ದೊಡ್ಡ ಹಗರಣ ಆಗಿ, ಮಕ್ಕಳು ಕುಗ್ಗಿಹೋಗಿದಾರೆ ಅಂತ ಇವನನ್ನ ಕರೆಸಿರ್ತಾರೆ. ನರ್ಸ್ ರೂಮಲ್ಲಿ ಕೂತಿರ್ತಾನೆ: ಮೇಲೆ ಬಿಳಿ ಕೋಟು, ಕನ್ನಡಕ, ಕಾಲಲ್ಲಿ ಚಪ್ಪಲಿ, ಎದುರಿಗೆ ಟೇಬಲ್ ಮೇಲೆ ತಿಂಡಿ. ನೀವು ಹೋಗಿ ಕೂತ್ರೆ ಮೊದಲು ತಿನ್ನೋಕೆ ಕೊಡ್ತಾನೆ, ಆಮೇಲೆ ತಾನು ಮಾಡ್ತಿರೋ ರಿಸರ್ಚ್ ಬಗ್ಗೆ ಹೇಳಿ ನಿಂಗೆ ಏನನ್ಸುತ್ತೆ ಅಂತ ಕೇಳ್ತಾನೆ. ನಾನು ಪ್ರತಿ ದಿನ ಕ್ಲಾಸ್ ಮುಗಿದ್ಮೇಲೆ ಆ ರೂಮಿನ ಮುಂದೇನೇ ಓಡ್ತಿದ್ದೆ, ಮ್ಯಾಪಲ್ಲಿ ಅವನ ಕಾರ್ಡು ಕಾಣ್ತಾನೇ ಇತ್ತು, ನಾಳೆ ಹೋಗಣ ಇವತ್ತು ಫ್ರೆಂಡ್ ರ್ಯೂಜಿ ಕರೀತಿದಾನೆ ಅಂದ್ಕೊಂಡು ಮುಂದೆ ಹೋಗ್ತಿದ್ದೆ. ಒಂದಿನ ಅವನೇ ಬಂದು ನನ್ನ ಅವಧಿ ಮುಗೀತು ಅಂತ ಎಲ್ಲರಿಗೂ ಹೇಳಿ ಹೊರಟ. ಆಗ ನನ್ನ ರ್ಯಾಂಕು 6. ಮಾರನೇ ದಿನ ನರ್ಸ್ ರೂಮಿಗೆ ಹೋಗಿ ನೋಡ್ದೆ, ಖಾಲಿ. ಆಗ್ಲೂ ನಂಗೆ ಇದು ಕಥೆಯೊಳಗಿನ ಬೇಜಾರು ಅಂತ ಅನ್ಸಿತ್ತೇ ಹೊರತು ಎಂಡಿಂಗೇ ಹೋಯ್ತು ಅಂತ ಗೊತ್ತಾಗಿರ್ಲಿಲ್ಲ.

ಗೇಮು ಮುಂಚೆನೇ ಒಂದು ಮಾತು ಹೇಳ್ಬಹುದಿತ್ತಲ್ವಾ?

ಹೇಳ್ಬೇಕಿತ್ತು, ಇದು ನನ್ನ ಗಟ್ಟಿ ಅಭಿಪ್ರಾಯ.

ನೋಡಿ, ಇದೇ ಗೇಮು ಬೇರೆ ವಿಷಯದಲ್ಲಿ ಎಷ್ಟು ಕಾಳಜಿ ತೋರಿಸುತ್ತೆ. ಒಂದು ಪ್ಯಾಲೆಸ್ ಶುರುವಾದ ತಕ್ಷಣ ಡೆಡ್‌ಲೈನ್ ಹೇಳುತ್ತೆ. ಕಾಮೊಶಿದಾ ಪ್ಯಾಲೆಸ್ಸಿಗೆ ಮೇ 2, ಮದರಾಮೆದಕ್ಕೆ ಜೂನ್ 5, ಹೀಗೆ ಪ್ರತಿಯೊಂದಕ್ಕೂ ತಾರೀಖಿದೆ, ಇನ್ನೆಷ್ಟು ದಿನ ಉಳಿದಿದೆ ಅಂತ ಸ್ಕ್ರೀನಲ್ಲೇ ತೋರಿಸ್ತಾ ಇರುತ್ತೆ. ಡೆಡ್‌ಲೈನ್ ತಪ್ಪಿದ್ರೆ ಗೇಮ್ ಓವರ್ ಆಗುತ್ತೆ, ಆದ್ರೆ ಒಂದು ವಾರ ಹಿಂದಕ್ಕೆ ಹೋಗ್ತೀರಾ ಅಂತಾನೂ ಕೇಳುತ್ತೆ. ಅಷ್ಟು ದೊಡ್ಡ ಮನಸ್ಸಿರೋ ಗೇಮು, ಕಥೆಯ ಅತಿ ಒಳ್ಳೇ ಭಾಗದ ವಿಷಯ ಬಂದಾಗ ಒಂದು ಗಡುವನ್ನೂ ತೋರಿಸಲ್ಲ, ವಾಪಸ್ ಹೋಗ್ತೀರಾ ಅಂತಾನೂ ಕೇಳಲ್ಲ.

ಗುಟ್ಟಾಗಿಟ್ರೆ ಹುಡುಕಿದಾಗ ಖುಷಿ ಜಾಸ್ತಿ ಅಂತ ಕೆಲವರು ವಾದ ಮಾಡ್ತಾರೆ. ಐದಾರು ಗಂಟೇಲಿ ಮುಗಿಯೋ ಗೇಮಿಗೆ ಆ ಮಾತು ಸರಿ, ತಪ್ಪಿದ್ರೆ ಮತ್ತೆ ಆಡ್ಬಹುದು. ಆದ್ರೆ ದಿನಾ ರಾತ್ರಿ ಊಟ ಆದ್ಮೇಲೆ ಒಂದು ಗಂಟೆ ಅಂತ ಆಡೋನಿಗೆ ಇದು ನಾಲ್ಕು ತಿಂಗಳ ಗೇಮು. ನಾಲ್ಕು ತಿಂಗಳು ಜೊತೆಗಿದ್ದವನಿಗೆ ಒಂದು ಸುಳಿವು ಕೊಡೋದು ನ್ಯಾಯ. ಮರುಕಿ ಹೊರಡೋ ಎರಡು ವಾರ ಮುಂಚೆ ಒಬ್ಬ ಫ್ರೆಂಡು ಬಂದು, ಡಾಕ್ಟರ್ ಸದ್ಯದಲ್ಲೇ ಹೋಗ್ತಾರಂತೆ, ಮಾತಾಡ್ಸ್ಕೊಂಡು ಬಾ ಅಂತ ಗಟ್ಟಿಯಾಗಿ ಒಂದು ಸಲ ಹೇಳಿದ್ರೆ ಗುಟ್ಟೂ ಉಳೀತಿತ್ತು, ನಮ್ಮ ಹೊಟ್ಟೇನೂ ಉರೀತಿರ್ಲಿಲ್ಲ.

ನಾನು ಅಕ್ಟೋಬರಲ್ಲಿದೀನಿ, ಮರುಕಿ ಇನ್ನೂ 3ರಲ್ಲಿದಾನೆ. ಆಗುತ್ತಾ?

ಆಗುತ್ತೆ, ಆದ್ರೆ ಇವತ್ತಿಂದಾನೇ ಬೇರೆ ಎಲ್ಲಾ ಪಕ್ಕಕ್ಕಿಡಿ. ರ್ಯಾಂಕ್ 3ರಿಂದ 9ಕ್ಕೆ ಹೋಗೋಕೆ ಕಮ್ಮಿ ಅಂದ್ರೂ ಆರು ಮಧ್ಯಾಹ್ನ ಬೇಕು, ಮಧ್ಯದಲ್ಲಿ ಪಾಯಿಂಟ್ ಸಾಲ್ದೆ ಹೋದ್ರೆ ಇನ್ನೂ ಒಂದೆರಡು, ಮತ್ತೆ ಅವನು ವಾರದ ಎಲ್ಲಾ ದಿನಾನೂ ಸಿಗಲ್ಲ. ಅಕ್ಟೋಬರ್ 11ಕ್ಕೆ ಒಕುಮುರಾ ಪ್ಯಾಲೆಸ್ ಡೆಡ್‌ಲೈನ್ ಇದೆ, ಅದಾದ್ಮೇಲೆ ಕಥೆಯದ್ದೇ ದಿನಗಳು ಒಂದಷ್ಟು ಹೋಗುತ್ವೆ, ಆಮೇಲೆ ನವೆಂಬರ್ 20ರ ಡೆಡ್‌ಲೈನಿನ ಪ್ಯಾಲೆಸ್ ಬರುತ್ತೆ.

ಪ್ಯಾಲೆಸ್ಸುಗಳನ್ನ ಒಂದೇ ದಿನಕ್ಕೆ ಹೊಡೀರಿ. ಒಳಗೆ ಎಷ್ಟು ಹೊತ್ತು ಇದ್ರೂ ಹೊರಗೆ ಒಂದೇ ದಿನ ಹೋಗೋದು, ಎಸ್‌ಪಿ ಖಾಲಿ ಆಗೋದೊಂದೇ ತೊಂದರೆ, ಕಾಫಿ ಕರಿ ಎಲ್ಲಾ ಮಾಡಿಟ್ಕೊಂಡು ಹೋದ್ರೆ ಸೇಫ್ ರೂಮಿಂದ ಸೇಫ್ ರೂಮಿಗೆ ಒಂದೇ ಉಸಿರಲ್ಲಿ ಟ್ರೆಷರ್ (ಪ್ಯಾಲೆಸ್ಸಲ್ಲಿ ಕೊನೆಗೆ ಕದಿಯೋ ವಸ್ತು) ತನಕ ಹೋಗ್ಬಹುದು. ಮೂರು ದಿನ ಹೋಗಿ ಬಂದು ಮಾಡ್ತಿದ್ರೆ ಅಲ್ಲೇ ನಿಮ್ಮ ಎರಡು ಮರುಕಿ ಮಧ್ಯಾಹ್ನ ಹೋದ ಹಾಗೆ.

ಮರುಕಿ ಹತ್ರ ಹೋಗೋವಾಗ ಅವನ ಅರ್ಕಾನದ (ಪ್ರತಿಯೊಬ್ಬರಿಗೂ ಇರೋ ಟ್ಯಾರೋ ಕಾರ್ಡ್ ಗುಂಪು) ಪರ್ಸೋನಾ ಒಂದು ಜೊತೆಗಿರ್ಲಿ, ಮಾತಿನಲ್ಲಿ ಬರೋ ಪಾಯಿಂಟ್ ಜಾಸ್ತಿ ಸಿಗುತ್ತೆ. ಇನ್ನೊಂದು ದಾರಿ ಶಿಂಜುಕುನಲ್ಲಿ ರಾತ್ರಿ ಕೂರೋ ಭವಿಷ್ಯ ಹೇಳೋಳು, ಚಿಹಾಯಾ. ಅವಳ ಪರಿಚಯ ಆಗೋಕೆ ಮೊದಲು 1,00,000 ಯೆನ್ ಕೊಟ್ಟು ಒಂದು ಕಲ್ಲು ತಗೋಬೇಕು, ದುಬಾರಿನೇ, ಆದ್ರೆ ಅವಳ ರ್ಯಾಂಕ್ ಏರಿದ ಮೇಲೆ ದುಡ್ಡು ಕೊಟ್ಟು ಬೇರೆಯವರ ಜೊತೆಗಿನ ಸ್ನೇಹದ ಪಾಯಿಂಟ್ ಏರಿಸ್ಕೋಬಹುದು. ದಿನ ಕಮ್ಮಿ ಇರೋನಿಗೆ ಇದು ಸಂಜೀವಿನಿ.

ಅಕೆಚಿದು ಏನು ಕಥೆ? ಅವನು ತಾನೇ ಏರ್ತಾನೆ ಅಂದ್ಕೊಂಡಿದ್ದೆ.

ಹಳೇ ಪರ್ಸೋನಾ 5ರಲ್ಲಿ ಹಾಗೇ ಇತ್ತು, ಕಥೆ ಮುಂದೆ ಹೋದ ಹಾಗೆ ಅವನ ರ್ಯಾಂಕೂ ಏರ್ತಿತ್ತು, ನಾವೇನೂ ಮಾಡ್ಬೇಕಿರ್ಲಿಲ್ಲ. ರಾಯಲಲ್ಲಿ ಅದನ್ನ ಬದಲಾಯಿಸಿದಾರೆ, ಈಗ ನೀವೇ ಅವನ ಜೊತೆ ಟೈಮ್ ಕಳೀಬೇಕು. ಕಿಚಿಜೋಜಿಗೆ ಹೋಗೋದು, ಬಿಲಿಯರ್ಡ್ಸ್ ಆಡೋದು, ಜಾಝ್ ಕ್ಲಬ್ಬಲ್ಲಿ ಕೂರೋದು. ಹಳೇ ಆಟಗಾರರು ಎಡವೋದು ಇಲ್ಲೇ.

ಇವನ ರ್ಯಾಂಕಿಗೆ ನಿಮ್ಮ ಪಾತ್ರದ ಗುಣಗಳಲ್ಲಿ ನಾಲೆಡ್ಜ್ ಮತ್ತು ಚಾರ್ಮ್ ಎರಡೂ ಬೇಕು, ಕಮ್ಮಿ ಇದ್ರೆ ರ್ಯಾಂಕು ಮುಂದೆ ಹೋಗಲ್ಲ. ಅದಕ್ಕೇ ಶುರುವಿಂದಲೂ ಕ್ಲಾಸಲ್ಲಿ ಟೀಚರ್ ಕೇಳೋ ಪ್ರಶ್ನೆಗೆ ಸರಿ ಉತ್ತರ ಕೊಡಿ, ಯೊಂಗೆನ್‌ನ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ ಚಾರ್ಮ್ ಏರಿಸ್ಕೊಳ್ಳಿ. ರ್ಯಾಂಕ್ 8 ಅನ್ನೋದು ಮೆಮೆಂಟೋಸ್ ಅನ್ನೋ ನೆಲದಡಿಯ ಲೋಕದೊಳಗೆ ಅವನ ಜೊತೆ ನಡಿಯೋ ಒಂಟಿ ಕಾಳಗ, ಮುಗಿದ್ಮೇಲೆ ಒಂದು ಗ್ಲೌಸ್ ಕೊಡ್ತಾನೆ. ಆ ಗ್ಲೌಸ್ ಕೈಗೆ ಬಂದಿದ್ರೆ ನಿಮ್ಮ ಕೆಲಸ ಆಗಿದೆ ಅಂತ ತಿಳ್ಕೊಳ್ಳಿ. ಅದಿಲ್ದೆ ಆಡಿದ್ರೆ ಮೂರನೇ ಸೆಮಿಸ್ಟರ್ ನೋಡಿದ್ರೂ ಅದರ ಕೊನೆಯಲ್ಲಿ ಬರೋ ಒಂದು ಪುಟ್ಟ ದೃಶ್ಯ ತಪ್ಪಿಹೋಗುತ್ತೆ. ಕೆಲವೇ ಸೆಕೆಂಡಿನ ದೃಶ್ಯ ಅದು, ಆದ್ರೆ ಅದಕ್ಕೋಸ್ಕರ ಇಡೀ ಗೇಮ್ ಮತ್ತೆ ಆಡಿದವರನ್ನ ನಾನು ನೋಡಿದೀನಿ, ಅವರು ಮಾಡಿದ್ದು ಸರಿ ಅಂತಾನೇ ನನ್ನ ಭಾವನೆ.

ಕಸುಮಿ ರ್ಯಾಂಕ್ 5ರಲ್ಲೇ ನಿಂತುಬಿಟ್ಟಿದೆ. ಬಗ್ಗಾ?

ಅಲ್ಲ. ಜನವರಿ ಬರೋವರೆಗೂ ಅವಳು 5ರ ಮೇಲೆ ಹೋಗಲ್ಲ. 5 ಆಗಿದ್ರೆ ನೆಮ್ಮದಿಯಾಗಿರಿ.

ತಾರೀಖು ದಾಟೋಯ್ತು. ಏನೂ ಮಾಡೋಕಾಗಲ್ವಾ?

ನವೆಂಬರ್ 18ಕ್ಕೆ ಮುಂಚಿನ ಸೇವ್ ಇದ್ರೆ ಆಗುತ್ತೆ, ಇಲ್ಲ ಅಂದ್ರೆ ಆ ಆಟದಲ್ಲಿ ಇನ್ನೇನೂ ಮಾಡೋಕಾಗಲ್ಲ. ಸುಳ್ಳು ಸಮಾಧಾನ ಹೇಳಲ್ಲ ನಾನು.

ಹಳೇ ಸೇವ್ ಇದ್ರೂ ಮೊದಲು ಲೆಕ್ಕ ಹಾಕಿ. ಸೇವ್ ಇರೋದು ನವೆಂಬರ್ 10ಕ್ಕೆ, ಮರುಕಿ ರ್ಯಾಂಕ್ 4 ಅಂದ್ರೆ ಅದ್ರಿಂದ ಉಪಯೋಗ ಇಲ್ಲ, ಇನ್ನೂ ಹಿಂದಿಂದು ಬೇಕು. ಸೆಪ್ಟೆಂಬರ್ ಮಧ್ಯದ್ದು, ಹವಾಯಿ ಟ್ರಿಪ್ ಮುಗಿದ ಮೇಲಿಂದು ಸಿಕ್ರೆ ಆರಾಮಾಗಿ ಆಗುತ್ತೆ. ಅಲ್ಲಿಂದ ಡಿಸೆಂಬರ್‌ಗೆ ಬರೋಕೆ ಮತ್ತೆ ಮೂವತ್ತು ಗಂಟೆ ಆಗುತ್ತಲ್ಲ ಅಂತ ಹೆದರ್ಬೇಡಿ, ಕಟ್‌ಸೀನುಗಳನ್ನ ಫಾಸ್ಟ್ ಫಾರ್ವರ್ಡ್ ಮಾಡ್ಬಹುದು, ನೋಡಿರೋ ಫೈಟುಗಳಿಗೆ ಡಿಫಿಕಲ್ಟಿ ಈಸಿಗೆ ಇಳಿಸ್ಕೋಬಹುದು. ಸೇಫ್ ಅನ್ನೋ ಮೋಡನ್ನ ಮಾತ್ರ ಯೋಚ್ನೆ ಮಾಡಿ ಆರಿಸಿ, ಅದನ್ನ ಒಂದ್ಸಲ ಒತ್ತಿದ್ರೆ ಆ ಆಟ ಮುಗಿಯೋವರೆಗೂ ವಾಪಸ್ ಬದಲಾಯಿಸೋಕಾಗಲ್ಲ.

ಸೇವ್ ಹೇಗೆ ಇಟ್ಕೋಬೇಕು?

ನಾನು ಮೊದಲನೇ ಸಲ ಒಂದೇ ಸ್ಲಾಟಿನ ಮೇಲೆ ಬರೀತಾ ಹೋದೆ, ಅದೇ ನನ್ನನ್ನ ಮುಳುಗಿಸಿದ್ದು. ದಾವಣಗೆರೇಲಿ ನಮ್ಮನೇಲಿ ಕರೆಂಟ್ ಹೋಗ್ತಿದ್ದಿದ್ದಕ್ಕೆ ಅರ್ಧ ಗಂಟೆಗೊಂದ್ಸಲ ಸೇವ್ ಮಾಡೋ ಅಭ್ಯಾಸ ಇತ್ತು, ಒಳ್ಳೇ ಅಭ್ಯಾಸಾನೇ, ಆದ್ರೆ ಎಲ್ಲಾ ಅದೇ ಸ್ಲಾಟಿಗೆ. ಡಿಸೆಂಬರ್ ಕೊನೇಲಿ ನಿಜ ಗೊತ್ತಾಗಿ ಲೋಡ್ ಸ್ಕ್ರೀನ್ ತೆಗೆದ್ರೆ ಒಂದೇ ಒಂದು ಸಾಲು, 12/24 ಅಂತ. ಉಳಿದಿದ್ದೆಲ್ಲಾ ಖಾಲಿ. ಆ ಸ್ಕ್ರೀನ್ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. 118 ಗಂಟೆ ಅಂತ ಪಕ್ಕದಲ್ಲೇ ಬರೆದಿತ್ತು.

ಈಗ ಮಾಡೋದು ಹೀಗೆ: ಪ್ರತಿ ತಿಂಗಳ ಮೊದಲ ಫ್ರೀ ದಿನಕ್ಕೆ ಒಂದು ಹೊಸ ಸ್ಲಾಟು, ಅದನ್ನ ಮುಟ್ಟಲ್ಲ. ಪ್ಯಾಲೆಸ್ ಒಳಗೆ ಹೋಗೋ ಮುಂಚೆ ಒಂದು, ಕಾಲಿಂಗ್ ಕಾರ್ಡ್ (ಬಾಸ್ ಫೈಟಿಗೆ ಮುಂಚೆ ಕಳ್ಸೋ ಸವಾಲಿನ ಚೀಟಿ) ಕಳ್ಸೋ ಮುಂಚೆ ಒಂದು. ದಿನನಿತ್ಯದ್ದಕ್ಕೆ ಎರಡು ಸ್ಲಾಟು, ಒಂದಾದ್ಮೇಲೆ ಒಂದು. ಕಾರ್ಡ್ ಕಳ್ಸಿದ್ಮೇಲೆ ವಾಪಸ್ ಬರೋಕಾಗಲ್ಲ ಅನ್ನೋದು ನೆನಪಿರ್ಲಿ, ಬಾಸ್ ಹೊಡೆಯೋಕಾಗ್ದೆ ಸಿಕ್ಕಾಕ್ಕೊಂಡ್ರೆ ಆ ಸೇವೇ ಗತಿ.

ಮೂರನೇ ಸೆಮಿಸ್ಟರ್ ಸಿಕ್ತು, ಆದ್ರೂ ಎಂಡಿಂಗ್ ವಿಚಿತ್ರವಾಗಿ ಮುಗೀತು. ಯಾಕೆ?

ನೀವು ಎಲ್ಲೋ ಒಂದು ಕಡೆ ಹೂಂ ಅಂದಿದೀರ. ಈ ಗೇಮಲ್ಲಿ ಹೂಂ ಅನ್ನಬಾರದ ಜಾಗಗಳು ನಾಲ್ಕಿವೆ. ನವೆಂಬರಲ್ಲಿ ವಿಚಾರಣೆ ರೂಮಲ್ಲಿ ಜೊತೆಗಾರರ ಹೆಸರು ಹೇಳು ಅಂತಾರೆ, ಹೇಳಬೇಡಿ. ಡಿಸೆಂಬರ್ 24ಕ್ಕೆ ಒಂದು ಡೀಲ್ ಬರುತ್ತೆ, ಒಪ್ಪಬೇಡಿ. ಜನವರಿ 9ಕ್ಕೆ ಒಂದು ಪ್ರಶ್ನೆ ಬರುತ್ತೆ, ಒಪ್ಪಬೇಡಿ. ಫೆಬ್ರವರಿ 2ರ ರಾತ್ರಿ ಲೆಬ್ಲಾಂಕ್ ಕೆಫೆಗೆ ಒಬ್ಬರು ಬಂದು ಕೂತು ಮತ್ತೆ ಅದನ್ನೇ ಕೇಳ್ತಾರೆ, ಆಗ್ಲೂ ಒಪ್ಪಬೇಡಿ. ಇದರ ಜೊತೆಗೆ, ಫೆಬ್ರವರಿ 2 ಬರೋಷ್ಟರಲ್ಲಿ ಕೊನೇ ಪ್ಯಾಲೆಸ್ಸಲ್ಲಿ ಟ್ರೆಷರ್ ತನಕ ದಾರಿ ಪೂರ್ತಿ ಮಾಡಿರ್ಬೇಕು.

ಮೊದಲಿನ ಎರಡಕ್ಕೆ ಬೇಡ ಅನ್ನೋದು ಸುಲಭ, ಎದುರಿಗಿರೋರು ಕೆಟ್ಟವರು ಅಂತ ಗೊತ್ತೇ ಇರುತ್ತೆ. ಕೊನೇ ಎರಡು ಹಾಗಲ್ಲ. ಅಲ್ಲಿ ಕೇಳೋ ಮನುಷ್ಯ ನಿಜವಾಗ್ಲೂ ನಿಮಗೆ ಒಳ್ಳೇದಾಗ್ಲಿ ಅಂತಾನೇ ಕೇಳ್ತಿರ್ತಾನೆ. ನಿಮ್ಮ ಫ್ರೆಂಡ್ಸ್ ಎಲ್ಲರಿಗೂ ಅವರವರು ಕಳ್ಕೊಂಡಿದ್ದು ವಾಪಸ್ ಸಿಕ್ಕಿರುತ್ತೆ, ಎಲ್ಲರೂ ನಗ್ತಿರ್ತಾರೆ, ಅದನ್ನ ಬೇಡ ಅನ್ನೋ ಬಟನ್ ನೀವೇ ಒತ್ತಬೇಕು. ಫೆಬ್ರವರಿ 2ರ ಆ ರಾತ್ರಿ ನಾನು ಕಂಟ್ರೋಲರ್ ಕೆಳಗಿಟ್ಟು, ಎದ್ದು ನೀರು ಕುಡ್ಕೊಂಡು ಬಂದೆ. ಬಂದು ಕೂತ್ಮೇಲೂ ತುಂಬಾ ಹೊತ್ತು ಕರ್ಸರ್ ಎರಡು ಉತ್ತರಗಳ ಮಧ್ಯೆ ಹೋಗ್ತಾ ಬರ್ತಾ ಇತ್ತು. ಒಪ್ಪಿದವರನ್ನ ನಾನು ತಪ್ಪು ಅನ್ನಲ್ಲ, ಆ ಎಂಡಿಂಗೂ ನೋಡೋ ಥರಾನೇ ಇದೆ, ಬೇರೆ ಸ್ಲಾಟಲ್ಲಿ ಸೇವ್ ಮಾಡ್ಕೊಂಡು ಅದನ್ನೂ ನೋಡಿ. ಆಮೇಲೆ ವಾಪಸ್ ಬಂದು ಬೇಡ ಅನ್ನಿ.

ನ್ಯೂ ಗೇಮ್ ಪ್ಲಸ್ ಮಾಡಿದ್ರೆ ಎಲ್ಲಾ ಮೊದಲಿಂದಾನಾ?

ಕಥೆ ಮೊದಲಿಂದಾನೇ, ರ್ಯಾಂಕುಗಳೂ ಮೊದಲಿಂದಾನೇ, ಲೆವೆಲ್ಲೂ ಮೊದಲಿಂದಾನೇ. ಆದ್ರೆ ನಾಲೆಡ್ಜ್, ಗಟ್ಸ್, ಪ್ರೊಫಿಷಿಯೆನ್ಸಿ, ಕೈಂಡ್‌ನೆಸ್, ಚಾರ್ಮ್ ಈ ಐದೂ ಹಾಗೇ ಉಳಿಯುತ್ತೆ, ದುಡ್ಡು ಉಳಿಯುತ್ತೆ, ಪರ್ಸೋನಾಗಳ ಪಟ್ಟಿ ಉಳಿಯುತ್ತೆ. ಇದು ಸಣ್ಣ ವಿಷಯ ಅಲ್ಲ. ಮೊದಲನೇ ಸಲ ಓದ್ಕೊಂಡು, ಸಿನಿಮಾ ನೋಡ್ಕೊಂಡು, ಸ್ನಾನದ ಮನೆಗೆ ಹೋಗ್ಕೊಂಡು ಕಳೆದ ದಿನಗಳೆಲ್ಲಾ ಎರಡನೇ ಸಲ ಪೂರ್ತಿ ಫ್ರೀ. ಜನರಿಗೆ ಅಂತಾನೇ ಟೈಮ್ ಇರುತ್ತೆ. ನಾನು ಎರಡನೇ ಆಟದಲ್ಲಿ ಮರುಕಿ ರ್ಯಾಂಕ್ 9ನ್ನ ಅಕ್ಟೋಬರಲ್ಲೇ ಮುಗಿಸ್ದೆ, ಅಕೆಚಿ ನಾಲೆಡ್ಜ್ ಕಮ್ಮಿ ಇದೆ ಅಂತ ಒಂದ್ಸಲಾನೂ ತಡೀಲಿಲ್ಲ.

ಇನ್ನೊಂದು. ಎರಡನೇ ಸಲ ಆಡೋವಾಗ ಮರುಕಿ ಮೊದಲನೇ ದಿನ ಹೇಳೋ ಮಾತುಗಳನ್ನ ಫಾಸ್ಟ್ ಫಾರ್ವರ್ಡ್ ಮಾಡಬೇಡಿ. ನೋವು ಅನ್ನೋದು ಇಲ್ದೇನೇ ಇದ್ರೆ ಹೇಗಿರುತ್ತೆ ಅನ್ನೋ ಥರದ ಅವನ ಪ್ರಶ್ನೆಗಳು ಮೊದಲನೇ ಸಲ ಕೌನ್ಸೆಲರ್ ಕೇಳೋ ಮಾಮೂಲಿ ಪ್ರಶ್ನೆ ಅನ್ಸಿರುತ್ತೆ. ಅವನು ಪೂರ್ತಿ ಗೇಮನ್ನ ಅಲ್ಲೇ, ಆ ತಿಂಡಿ ತಟ್ಟೆ ಮುಂದೆ ಕೂತು ಹೇಳ್ಬಿಟ್ಟಿರ್ತಾನೆ. ನಾನು ರ್ಯಾಂಕ್ 6ಕ್ಕೆ ಬಿಟ್ಟಿದ್ದಕ್ಕೆ ನಿಜವಾಗ್ಲೂ ಬೇಜಾರಾಗಿದ್ದು ಆಗ. ಒಬ್ಬ ಮನುಷ್ಯ ಏನೋ ಹೇಳ್ಕೊಳ್ತಾ ಇದ್ದ, ನಾನು ಅರ್ಧಕ್ಕೆ ಎದ್ದು ಹೋಗಿದ್ದೆ.

ಯೂಟ್ಯೂಬಲ್ಲಿ ಆ ಭಾಗ ನೋಡಿದ್ರೆ ಸಾಲ್ದಾ?

ನಿಮಗೆ ಟೈಮೇ ಇಲ್ಲ ಅಂದ್ರೆ ನೋಡಿ, ಏನೂ ಇಲ್ದೆ ಇರೋದಕ್ಕಿಂತ ಒಳ್ಳೇದು. ಆದ್ರೆ ಜನವರಿ 9ಕ್ಕೆ ಬೇಡ ಅನ್ನೋದನ್ನ ಬೇರೆಯವರು ಒತ್ತೋದು ನೋಡೋದಕ್ಕೂ ನೀವು ಒತ್ತೋದಕ್ಕೂ ತುಂಬಾ ವ್ಯತ್ಯಾಸ ಇದೆ.

ತಾರೀಖು ಮೊದಲೇ ತಿಳ್ಕೊಂಡು ಆಡಿದ್ರೆ ಮಜಾ ಹೋಗಲ್ವಾ?

ನನ್ನ ಪ್ರಕಾರ ಇಲ್ಲ. ದಿನದಿನಕ್ಕೆ ಏನು ಮಾಡ್ಬೇಕು ಅಂತ ಬರೆದಿರೋ ಉದ್ದುದ್ದ ಪಟ್ಟಿಗಳಿವೆ, ಅದನ್ನ ಎದುರಿಗಿಟ್ಕೊಂಡು ಆಡಿದ್ರೆ ಹೌದು, ಆಟ ಹೋಗಿ ಆಫೀಸ್ ಕೆಲಸ ಆಗುತ್ತೆ. ಅದು ಬೇಡ. ಮೂರು ಹೆಸರು ಮೂರು ತಾರೀಖು ಮಾತ್ರ ಗೊತ್ತಿದ್ರೆ ಸಾಕು, ಉಳಿದಿದ್ದು ನಿಮ್ಮಿಷ್ಟ, ಯಾರ ಜೊತೆ ಬೇಕಾದ್ರೂ ಹೋಗಿ, ಮಳೆ ದಿನ ಕೆಫೆಯಲ್ಲೇ ಕೂತು ಓದಿ.

ಇಂಗ್ಲಿಷ್ ಅಷ್ಟು ಬರಲ್ಲ, ಉತ್ತರಗಳನ್ನ ತಪ್ಪು ಆರಿಸ್ತೀನೇನೋ ಅಂತ ಭಯ.

ಕನ್ನಡ ಸಬ್‌ಟೈಟಲ್ ಇಲ್ಲ, ಇಂಗ್ಲಿಷಲ್ಲೇ ಆಡ್ಬೇಕು. ಆದ್ರೆ ರ್ಯಾಂಕ್ ಏರೋ ಮಾತುಕತೇಲಿ ತಪ್ಪು ಉತ್ತರ ಕೊಟ್ರೆ ಪಾಯಿಂಟ್ ಕಮ್ಮಿ ಬರುತ್ತೆ ಅಷ್ಟೇ, ಬಾಗಿಲು ಮುಚ್ಚಲ್ಲ. ಎಂಡಿಂಗ್ ನಿರ್ಧಾರ ಮಾಡೋದು ಮೇಲೆ ಹೇಳಿದ ನಾಲ್ಕು ಜಾಗಗಳಲ್ಲಿ ಮಾತ್ರ, ಅಲ್ಲಿ ನಿಧಾನವಾಗಿ ಓದಿ, ಎಷ್ಟು ಹೊತ್ತು ಬೇಕಾದ್ರೂ ತಗೊಳ್ಳಿ, ಟೈಮರ್ ಇಲ್ಲ. ನನ್ನ ತಮ್ಮ ಕನ್ನಡ ಮೀಡಿಯಂ ಹುಡುಗ, ಗೊತ್ತಿಲ್ದೇ ಇರೋ ಪದಗಳನ್ನ ಫೋನಲ್ಲಿ ಹುಡುಕ್ಕೊಂಡೇ ಆಡ್ದ, ಕಥೆ ನನಗಿಂತ ಚೆನ್ನಾಗಿ ಹೇಳ್ತಾನೆ.

ಇದಕ್ಕೂ ಮುಂಚಿನ ಗೇಮು ಪರ್ಸೋನಾ 4 ಗೋಲ್ಡನಲ್ಲೂ ಹೀಗೇನಾ?

ಅಲ್ಲೂ ಇದೆ, ಇನ್ನೂ ಗಟ್ಟಿಯಾಗೇ ಇದೆ. ಡಿಸೆಂಬರ್ 3ಕ್ಕೆ ಆಸ್ಪತ್ರೆ ರೂಮಲ್ಲಿ ಎಲ್ಲರೂ ಕೋಪದಲ್ಲಿರ್ತಾರೆ, ಆಗ ನೀವು ಆರಿಸೋ ಮಾತುಗಳು ಎಲ್ಲರನ್ನೂ ತಡೆದು ಯೋಚ್ನೆ ಮಾಡೋ ಹಾಗೆ ಇರ್ಬೇಕು. ಮರೀ ಅನ್ನೋ ಹುಡುಗಿಯ ಲಿಂಕನ್ನ (ಅಲ್ಲಿ ಸ್ನೇಹದ ರ್ಯಾಂಕಿಗೆ ಹೀಗಂತಾರೆ) ಡಿಸೆಂಬರ್ ಒಳಗೆ ಪೂರ್ತಿ ಮಾಡಿರ್ಬೇಕು. ಕೊನೇ ದಿನ, ಮಾರ್ಚ್ 20ಕ್ಕೆ, ಎಲ್ಲರಿಗೂ ವಿದಾಯ ಹೇಳಿದ್ಮೇಲೆ ಮನೆಗೆ ಹೋಗ್ತೀಯಾ ಅಂದ್ರೆ ಹೋಗದೇ ಜುನೆಸ್ ಅಂಗಡಿ ಕಡೆ ಹೋಗ್ಬೇಕು. ಮನೆಗೆ ಹೋದ್ರೆ ಕಥೆ ಅಲ್ಲಿಗೇ ಮುಗಿಯುತ್ತೆ, ನಿಜವಾದ ಕೊನೇ ಬಾಸ್ ಯಾರು ಅಂತಾನೇ ಗೊತ್ತಾಗಲ್ಲ.

ನನ್ನ ತಂಗಿ ಈಗ ಶುರು ಮಾಡ್ತಿದಾಳೆ. ಅವಳಿಗೆ ಎಷ್ಟು ಹೇಳ್ಲಿ, ಎಷ್ಟು ಬಿಡ್ಲಿ?

ಕಥೆ ಏನೂ ಹೇಳಬೇಡಿ. ಮರುಕಿ ಯಾರು, ಏನಾಗ್ತಾನೆ, ಅಕೆಚಿ ಹೇಗೆ, ಒಂದೂ ಬೇಡ. ನಾನು ನನ್ನ ತಮ್ಮನಿಗೆ ಎರಡನೇ ಆಟಕ್ಕೆ ಕೂರೋವಾಗ ಹೇಳಿದ್ದಿಷ್ಟೇ: "ನರ್ಸ್ ರೂಮಿನ ಕಡೆ ಹೋಗ್ತಾ ಇರು, ತಿಂಗಳಿಗೊಂದು ಸೇವ್ ಬೇರೆ ಇಡು, ನವೆಂಬರ್ ಬಂದಾಗ ಫೋನ್ ಮಾಡು."

ಹೋದ ಭಾನುವಾರ ಫೋನ್ ಮಾಡಿದ್ದ. ನವೆಂಬರ್ 2 ಆಗಿದೆಯಂತೆ, ರ್ಯಾಂಕ್ 9 ಆಗೋಯ್ತಂತೆ. "ಅಣ್ಣ, ಈ ಡಾಕ್ಟರ್ ಯಾಕೋ ತುಂಬಾ ಒಳ್ಳೆಯವನು ಅನ್ಸುತ್ತೆ, ಅದಕ್ಕೇ ಭಯ ಆಗ್ತಿದೆ" ಅಂದ. ನಾನು ಏನೂ ಹೇಳ್ಲಿಲ್ಲ.